ಬರ್ನಿಸ್ ಕಿತ್ತ ಸೊಪ್ಪು

ಬರ್ನಿಸ್ ಕುಚಿನ್ಸ್ಕಿ ಮೂವತ್ತೊಂದು ವರ್ಷ ಮಿಲ್ವಾಕಿಯಲ್ಲಿ ಸಿಟಿ ಬಸ್ಸು ಓಡಿಸಿದವಳು. ನಿವೃತ್ತಳಾದ ಮೊದಲ ಚಳಿಗಾಲವನ್ನು ಕಿಟಕಿಯ ಪಕ್ಕ ಕೂತು, ಕೆಳಗೆ ಹೋಗುವ ಬಸ್ಸು ಎಷ್ಟು ನಿಮಿಷ ತಡ ಎಂದು ಬಯ್ಯುತ್ತಾ ಕಳೆದಳು. ಅವಳ ತಂಗಿಗೆ ಸಾಕಾಗಿಹೋಯಿತು. ಏಪ್ರಿಲ್ ಬಂದದ್ದೇ ನಮ್ಮ ಕೇರಿಯ ತೋಟದಲ್ಲಿ ಅಕ್ಕನ ಹೆಸರಿಗೆ ಒಂದು ಮಡಿ ಬರೆಸಿಬಿಟ್ಟಳು.

ನಮ್ಮ ತೋಟ ಇರುವುದು ಹಿಂದೆ ಚರ್ಮ ಹದ ಮಾಡುತ್ತಿದ್ದ ಕಾರ್ಖಾನೆಯ ಜಾಗದಲ್ಲಿ. ಆ ಮಣ್ಣನ್ನು ನಂಬದೆ, ಮರದ ಚೌಕಟ್ಟುಗಳಲ್ಲಿ ಹೊಸ ಮಣ್ಣು ತುಂಬಿ ನಲವತ್ತು ಮಡಿ ಮಾಡಿಕೊಂಡಿದ್ದೇವೆ. ಗೇಟಿನ ಬೀಗದ ಕೈ ಹಾರ್ಲನ್ ಟೀಗ್‌ನ ಹತ್ತಿರ. ಎಲ್ಲರನ್ನೂ ಕಾಡಿಸುವ ಹಕ್ಕೂ ಅವನದೇ. ಬರ್ನಿಸ್ ದಾರ ಎಳೆದು ಗೆರೆ ತಪ್ಪದಂತೆ ಮೂಲಂಗಿ ಬಿತ್ತುವುದನ್ನು ಕಂಡು ಅವನು ಕೇಳಿದ: "ಏನಮ್ಮಾ, ಮೂಲಂಗಿಗೂ ಸ್ಟಾಪ್ ಹಾಕ್ತಿದೀಯಾ?"

"ಹೌದು. ಹೇಳಿದ್ ಟೈಮಿಗೆ ಬರ್ಲಿ ಅಂತ," ಅಂದಳು ಅವಳು, ತಲೆ ಎತ್ತದೆ.

ಪಕ್ಕದ ಮಡಿ ಎಲ್ವಿರಾ ಓಲ್ಗೀನಳದು. ದಕ್ಷಿಣದ ಗಡಿಯಾಚೆಯ ಸಕಾಟೆಕಸ್ ಪ್ರಾಂತ್ಯದ ಕಡೆಯಿಂದ ಬಂದು ಇಲ್ಲೇ ಬೇಕರಿಯಲ್ಲಿ ದುಡಿದ, ಎಪ್ಪತ್ತು ದಾಟಿದ ಹೆಂಗಸು. ಇಬ್ಬರ ನಡುವೆ "ನಮಸ್ಕಾರ", "ಬಿಸಿಲು ಜಾಸ್ತಿ", ಇಷ್ಟೇ ಮಾತು. ಜೂನ್ ಕೊನೆಯಲ್ಲಿ ಎಲ್ವಿರಾಳಿಗೆ ಕಣ್ಣಿನ ಪೊರೆ ತೆಗೆದರು. ಎರಡು ವಾರ ಬಗ್ಗಬಾರದು ಎಂದು ಡಾಕ್ಟರು ಹೇಳಿದ್ದರು. ಯಾರೂ ಕೇಳದಿದ್ದರೂ ಬರ್ನಿಸ್ ಅವಳ ಮಡಿಗೂ ನೀರು ಹಾಕತೊಡಗಿದಳು. ಮೆಣಸಿನ ಗಿಡಗಳ ಬುಡದಲ್ಲಿ ಕೆಂಪು ಕಡ್ಡಿಯ, ದಪ್ಪ ಎಲೆಯ ಏನೋ ಒಂದು ನೆಲ ಕಾಣದಂತೆ ಹಬ್ಬಿತ್ತು. ಒಂದು ಬೆಳಿಗ್ಗೆ ಅವಳು ಮೂರು ಗಂಟೆ ಮಂಡಿಯೂರಿ ಕೂತು, ಅಷ್ಟನ್ನೂ ಕಿತ್ತು ಗೊಬ್ಬರದ ಗುಡ್ಡೆಗೆ ಎಸೆದಳು.

ಹಾರ್ಲನ್ ಬಂದು ಬೋಳಾದ ಮಡಿಯನ್ನು ನೋಡಿದ. "ಯಾರ್ ಕೆಲ್ಸ ಇದು?"

"ನಂದೇ. ಬೆನ್ನು ಬಿದ್ದೋಯ್ತು."

"ಬೆನ್ನಷ್ಟೇ ಅಲ್ಲ, ನೀನೇ ಬಿದ್ದೆ ಬರ್ನಿಸ್. ಅದು ಕಳೆ ಅಲ್ಲ, ಗೋಣಿಸೊಪ್ಪು. ಎಲ್ವಿರಾ ಬೀಜ ಊರಿಂದ ತರ್ಸಿ ಹಾಕಿದಾಳೆ. ಭಾನುವಾರ ಮೊಮ್ಮಗಳ ದೀಕ್ಷಾಸ್ನಾನ, ಊಟಕ್ಕೆ ಅದೇ ಆಗಬೇಕು."

ಬರ್ನಿಸ್ ಕೂತಲ್ಲಿಂದಲೇ ಗೊಬ್ಬರದ ಗುಡ್ಡೆಯ ಕಡೆ ತಿರುಗಿ ನೋಡಿದಳು. ಹಾರ್ಲನ್‌ಗೆ ಪಾಪ ಅನ್ನಿಸಿತು. "ಮೊಲ ತಿಂತು ಅಂದ್ಬಿಡು."

"ಯಾವ್ ಮೊಲ ಬೇರು ಸಮೇತ ಕಿತ್ತು ಗುಡ್ಡೆಗೆ ಹಾಕತ್ತೆ?" ಅಂದು ಅವಳು ಎದ್ದು, ಕೈಯ ಮಣ್ಣನ್ನೂ ತೊಳೆಯದೆ, ನೇರ ಎಲ್ವಿರಾಳ ಮನೆಗೆ ಹೋದಳು.

ಬಾಗಿಲು ತೆಗೆದ ಎಲ್ವಿರಾ ಕಪ್ಪು ಕನ್ನಡಕ ಹಾಕಿದ್ದಳು. ಬರ್ನಿಸ್ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಕನ್ನಡಕದ ಹಿಂದೆ ಏನಿದೆಯೋ ತಿಳಿಯಲಿಲ್ಲ.

"ಎಲ್ಲಾನೂ ಕಿತ್ಯಾ?"

"ಎಲ್ಲಾನೂ. ಅರ್ಧಕ್ಕೆ ಬಿಡೋ ಅಭ್ಯಾಸ ಇಲ್ಲ ನಂಗೆ."

"ಯಾವಾಗ?"

"ಈಗಷ್ಟೇ."

ಎಲ್ವಿರಾ ಒಳಗೆ ಹೋಗಿ ಎರಡು ಬುಟ್ಟಿ ತಂದಳು. "ನಡಿ, ಕಾರ್ ತೆಗಿ."

"ಡಾಕ್ಟ್ರು ಬಗ್ಗಬೇಡಿ ಅಂದಿದಾರಲ್ಲ."

"ಬಗ್ಗೋಳು ನೀನು. ನಾನು ಕುರ್ಚಿ ಮೇಲೆ ಕೂತು ಬೈತೀನಿ."

ಆ ಮಧ್ಯಾಹ್ನ ನಾವು ಕಂಡದ್ದು ಇದು: ಗೊಬ್ಬರದ ಗುಡ್ಡೆಯೆದುರು ಮಡಿಸುವ ಕುರ್ಚಿಯಲ್ಲಿ ಎಲ್ವಿರಾ, ಗುಡ್ಡೆಯೊಳಗೆ ಮೊಣಕೈವರೆಗೆ ಬರ್ನಿಸ್. ಮೊಟ್ಟೆಯ ಸಿಪ್ಪೆ, ಕಾಫಿಯ ಚರಟದ ನಡುವಿನಿಂದ ಒಂದೊಂದೇ ಕಡ್ಡಿ ಹೊರಬಂತು. ಎಲೆಯಲ್ಲಿ ನೀರು ತುಂಬಿಕೊಂಡ ಸೊಪ್ಪು, ಅಷ್ಟೇನೂ ಬಾಡಿರಲಿಲ್ಲ. ಎಳೆಯ ಕುಡಿಗಳು ಬುಟ್ಟಿಗೆ, ಬಲಿತ ಕಡ್ಡಿಗಳು ಮತ್ತೆ ಮಣ್ಣಿಗೆ. ನಾವೂ ನಾಲ್ಕೈದು ಜನ ಕೈ ಹಾಕಿದೆವು.

"ಬದುಕತ್ತಾ?" ಬರ್ನಿಸ್ ಮೆಲ್ಲಗೆ ಕೇಳಿದಳು.

"ಇದನ್ನ ಸಾಯ್ಸೋಕೆ ನಿನ್ ಕೈಲಾಗಲ್ಲ. ನಮ್ಮತ್ತೆ ಜಾತಿ ಇದು," ಅಂದಳು ಎಲ್ವಿರಾ. ನಕ್ಕು ನಕ್ಕು ಕನ್ನಡಕ ಜಾರಿತು.

ಭಾನುವಾರ ಬರ್ನಿಸ್‌ಗೂ ಕರೆ ಬಂತು. ಬಂದವರಿಗೆಲ್ಲ ಎಲ್ವಿರಾ ಅವಳನ್ನು ಪರಿಚಯಿಸಿದ್ದು ಒಂದೇ ಮಾತಿನಲ್ಲಿ: "ಕಿತ್ತೋಳು ಇವಳೇ." ಅವಳು ಕಿವಿವರೆಗೂ ಕೆಂಪಾದಳು. ಹಂದಿಮಾಂಸದ ಹಸಿರು ಸಾರಿನಲ್ಲಿ ಬೆಂದ ಸೊಪ್ಪಿಗೆ ತುಸು ಹುಳಿ. ಎರಡು ಸಲ ಬಡಿಸಿಕೊಂಡಳು. ಮೂರನೆಯ ಸಲಕ್ಕೆ ಎಲ್ವಿರಾಳ ಅಕ್ಕನೇ ತಟ್ಟೆ ಕಸಿದು ತುಂಬಿಸಿದಳು, ಮಗುವನ್ನು ತಂದು ಬರ್ನಿಸ್‌ಳ ತೊಡೆಯ ಮೇಲೆ ಹಾಕಿದಳು. ಮಗು ಅವಳ ಬಲಗೈ ಬೆರಳು ಹಿಡಿದು ನಿದ್ದೆ ಹೋಯಿತು. ಅವಳು ಎಡಗೈಯಲ್ಲೇ ಊಟ ಮುಗಿಸಿದಳು.

ಅಕ್ಟೋಬರಿನಲ್ಲಿ ಇಬ್ಬರೂ ಸೇರಿ ತಮ್ಮ ಮಡಿಗಳ ನಡುವಿನ ಹಲಗೆ ಕಿತ್ತುಹಾಕಲು ಹೊರಟರು. ನಿಯಮದಲ್ಲಿ ಇದಕ್ಕೆ ಜಾಗವಿಲ್ಲ ಎಂದು ಹಾರ್ಲನ್ ಗೊಣಗಿದ, ಆಮೇಲೆ ಸುತ್ತಿಗೆ ತಂದುಕೊಟ್ಟ. ಹಲಗೆ ಹೋದಲ್ಲಿ ಬೆಳ್ಳುಳ್ಳಿ ನೆಟ್ಟರು. ಎಸಳಿನಿಂದ ಎಸಳಿಗೆ ನಾಲ್ಕು ಬೆರಳು ಬಿಡಬೇಕೋ ಆರೋ ಎಂದು ಇಡೀ ಬೆಳಿಗ್ಗೆ ಜಗಳವಾಡಿದರು. ಕೊನೆಗೆ ಒಂದು ಸಾಲು ಅವಳ ಪ್ರಕಾರ, ಒಂದು ಸಾಲು ಇವಳ ಪ್ರಕಾರ.