ಕರುವಿನ ಪಾಲು

ಇದರಲ್ಲಿ ಒಂದು ಮಾತು ಸುಳ್ಳಾದರೂ ನನ್ನ ಮೀಸೆ ನಿಮ್ಮದು. ಕೌಜಲಗಿಗೆ ಮೊದಲ ಎಸ್‌ಟಿಡಿ ಬೂತ್ ಬಂದ ವರ್ಷ, ಖರೇ ಖರೇ ನಡೆದದ್ದು.

ಆವತ್ತು ಬೆಳಿಗ್ಗೆ ತ್ರಿಶಲಾಬಾಯಿಯ ಮನೆಯಲ್ಲಿ ಎರಡು ಹೆರಿಗೆಯಾದವು. ಕೊಟ್ಟಿಗೆಯಲ್ಲಿ ಎಮ್ಮೆ ಈಯಿತು. ಒಳಕೋಣೆಯಲ್ಲಿ ಸೊಸೆ ವಂದನಾ, ತವರಿಗೆ ಹೋಗುವ ಮೊದಲೇ, ದಿನ ತುಂಬುವ ಮೊದಲೇ, ಗಂಡು ಹೆತ್ತಳು. ಎಮ್ಮೆಗರು ಹುಟ್ಟುತ್ತಲೇ ಗೂಟ ಕಿತ್ತು ಕುಣಿಯಿತು. ಕೂಸು ಮಾತ್ರ ಎಷ್ಟು ಸಣ್ಣದೆಂದರೆ, ಜೋಳದ ರೊಟ್ಟಿಯಲ್ಲಿ ಸುತ್ತಿದರೂ ರೊಟ್ಟಿ ಮಿಗುತ್ತಿತ್ತು.

ಸಂಜೆಯಾದರೂ ಅದರ ಬಾಯಿಗೆ ಹಾಲು ಸೋಕಿರಲಿಲ್ಲ. ಸೊಸೆಯ ಎದೆಗೆ ಬಂದ ಹಳದಿ ಹಾಲನ್ನು ಹಿಂಡಿ ಚೆಲ್ಲಿಸಿದ್ದ ತ್ರಿಶಲಾಬಾಯಿ, ಅರಳೆ ಬತ್ತಿಯಿಂದ ಸಕ್ಕರೆ ನೀರು ಹನಿಸುತ್ತಿದ್ದಳು. ಕೂಸಿನ ಅಂಗಾಲು ತಣ್ಣಗಾಗಿತ್ತು. ಅಳುವ ಶಕ್ತಿಯೂ ಇಲ್ಲದೆ ಬರೀ ಬಾಯಿ ತೆರೆದು ಮುಚ್ಚುತ್ತಿತ್ತು.

“ಬಾಯಾರ, ಆ ಹಾಲ ಚೆಲ್ಲಬ್ಯಾಡ್ರಿ,” ನರ್ಸ್ ಯಲ್ಲಕ್ಕ ಗೋಗರೆದಳು. “ದಿನಾ ತುಂಬದ ಕೂಸಿನ ಕರಳು ಇನ್ನಾ ಹಸಿ ಇರತಾವ. ಅವನ್ನ ಬೆಳಸೂ ಅಂಶ ಆ ಹಾಲಿನ್ಯಾಗನ ಐತಿ. ಗ್ರೋತ್ ಫ್ಯಾಕ್ಟರ್ ಅಂತಾರ್ರಿ ಡಾಕ್ಟರು.”

“ಎದಿಯಾಗ ಫ್ಯಾಕ್ಟರಿ ಇಟ್ಕೊಂಡಾಳೇನ ನನ್ನ ಸೊಸಿ? ಈದ ಎಮ್ಮಿ ಹಾಲ ನಾವು ಹದಿನೈದು ದಿನ ಮುಟ್ಟಂಗಿಲ್ಲ. ಜೈನರ ಮನಿ ಇದು. ಅಂಥಾ ಹಾಲ ಕೂಸಿನ ಬಾಯಾಗ ಹಾಕಲೇನ?”

“ಹಿಂಗಾದ್ರ ಕೂಸು ಬೆಳಗ ಕಾಣೂದಿಲ್ರಿ,” ಎಂದಳು ಯಲ್ಲಕ್ಕ, ಸಣ್ಣ ದನಿಯಲ್ಲಿ.

ಅಷ್ಟರಲ್ಲಿ ಬಾಜೂ ಮನೆಯ ಸತ್ತೆವ್ವ ಚರಿಗೆ ಹಿಡಿದು ಬಾಗಿಲಿಗೆ ಬಂದಳು. “ತ್ರಿಶಲಕ್ಕಾ, ನೀವಂತೂ ತಿನ್ನಂಗಿಲ್ಲ. ಗಿಣ್ಣ ಮಾಡಾಕ ಒಂದ್ ಚರಗಿ ಎಮ್ಮಿ ಹಾಲ ಕೊಡ್ರಿ.”

ತ್ರಿಶಲಾಬಾಯಿ ಸಿಡಿದಳು. “ನಿನ್ನ ನಾಲಿಗಿ ಚಟಕ್ಕ ಬೆಂಕಿ ಬೀಳ್ಲಿ! ನಾವ್ಯಾಕ ಮುಟ್ಟಂಗಿಲ್ಲ ಗೊತ್ತೈತೇನ? ಅದು ಕರದ ಪಾಲು. ಕಸಗೊಂಡ್ರ ಕರಾ ಏಳಂಗಿಲ್ಲ. ಆ ಪಾಪ ನಮಗ ಬ್ಯಾಡ.”

ಒಳಗಿನಿಂದ ವಂದನಾಳ ದನಿ, ಬಾವಿಯ ತಳದಿಂದ ಬಂದ ಹಾಗೆ: “ಅತ್ತೀ, ಮತ್ತ ನನ್ನ ಕೂಸಿನ ಪಾಲ ಯಾರ ಕಸಗೊಂಡಾರ್ರಿ?”

ಕೊಟ್ಟಿಗೆಯಲ್ಲಿ ಕರು ಕೆಚ್ಚಲಿಗೆ ಗುಮ್ಮುವ ಸದ್ದು ಕೇಳಿಸಿತು.

ತ್ರಿಶಲಾಬಾಯಿ ಸಕ್ಕರೆ ನೀರಿನ ಬಟ್ಟಲು ಎತ್ತಿ ಅಂಗಳಕ್ಕೆ ಚೆಲ್ಲಿದಳು. ಕೈ ತೊಳೆದು ಬಂದು ಕೂಸನ್ನು ಸೊಸೆಯ ಎದೆಗೆ ಹಿಡಿದಳು. ಅದು ಬಾಯಿ ಹಾಕಲಿಲ್ಲ.

“ಕುಡಿ ನನ್ನಪ್ಪಾ, ಇದು ನಿಂದ ಪಾಲು,” ಎನ್ನುತ್ತ ಅವಳು ಕೂಸಿನ ಅಂಗಾಲು ತಿಕ್ಕಿದಳು.

ಯಲ್ಲಕ್ಕ ಒಂದು ಹನಿ ಹಿಂಡಿ ತುಟಿಗೆ ಸವರಿದಳು. ನಾಲಿಗೆ ಅಲುಗಿತು. ಆಮೇಲೆ ಎಂಥಾ ಚಪ್ಪರಿಕೆ ಅಂತೀರಿ! ಅಷ್ಟು ದೂರದ ಮೂಡಲಗಿ ಬಸ್‌ಸ್ಟ್ಯಾಂಡಿನಲ್ಲಿ ನಿಂತವರು ಮಳೆ ಬಂತೆಂದು ಕೊಡೆ ಬಿಚ್ಚಿದರಂತೆ.

ಆ ಕೂಸೇ ಅರಿಹಂತ. ಈಗ ಅವನು ಕೂತರೆ ಸಾಲೆಯ ಬೆಂಚು ಮುರಿಯುತ್ತದೆ.

ಮೀಸೆ ಕಡೆ ಯಾಕೆ ನೋಡುತ್ತೀರಿ? ಮೊದಲು ಒಂದು ಚಹಾ ತರಿಸಿ. ಹಾಲು ಮಾತ್ರ ಈದು ಹದಿನೈದು ದಿನ ದಾಟಿದ ಎಮ್ಮೆಯದೇ ಇರಲಿ. ಕರುವಿನ ಪಾಲು ನನಗೂ ಬೇಡ.