ದಪ್ಪಕ್ಕನ ಬೀಜ

ಪ್ಲಂಬರನ ಮನೆಗೆ ಅವನ ಅತ್ತೆ, ಅಂದರೆ ಹೆಂಡತಿಯ ತಾಯಿ, ಬಂದು ಸೇರಿದಾಗ ಜೊತೆಗೆ ತಂದದ್ದು ಒಂದು ಪೆಟ್ಟಿಗೆ ಬಟ್ಟೆ, ಹೊಲಿಗೆ ಮಿಷನ್ನು, ಮತ್ತೆ ಟೊಮೆಟೊ ಗಿಡದ ನಾಲ್ಕಾರು ಕುಂಡ. ಅತ್ತೆಯ ತಾಯಿಯ ಕಾಲದಿಂದ ವರ್ಷವರ್ಷವೂ ಬೀಜ ತೆಗೆದು ಉಳಿಸಿಕೊಂಡು ಬಂದ ತಳಿ ಅದು. ಹಣ್ಣು ಅಂಗೈ ತುಂಬುವಷ್ಟು ಅಗಲ, ಮೈಯೆಲ್ಲ ಮಡಿಕೆ ಮಡಿಕೆ. ಮನೆಯವರೆಲ್ಲ ದಪ್ಪಕ್ಕ ಅಂತಲೇ ಕರೆಯುತ್ತಿದ್ದರು.

ಆ ವರ್ಷ ದಪ್ಪಕ್ಕನ ಗ್ರಹಚಾರ ಸರಿಯಿರಲಿಲ್ಲ. ಸೊರಗು ರೋಗ ಬಂದು ಗಿಡಗಳು ಒಂದೊಂದಾಗಿ ಬಾಡಿದವು. ಡಬ್ಬಿಯಲ್ಲಿದ್ದ ಹಳೇ ಬೀಜ ಬಿತ್ತಿದರೆ ಒಂದೂ ಮೊಳೆಯಲಿಲ್ಲ. ಉಳಿದ ಒಂದೇ ಗಿಡದಲ್ಲಿ ಒಂದೇ ಹಣ್ಣು ಮಾಗಿತು. ಅತ್ತೆ ಅದನ್ನು ಹೆಚ್ಚಿ, ಬೀಜದ ಲೋಳೆಯನ್ನು ಗಾಜಿನ ಲೋಟಕ್ಕೆ ಹಿಂಡಿ, ಚೂರು ನೀರು ಬೆರೆಸಿ, ಬಟ್ಟೆ ಮುಚ್ಚಿ ಅಡುಗೆಮನೆಯ ಕಿಟಕಿಯಲ್ಲಿಟ್ಟರು. ಎರಡು ಮೂರು ದಿನ ಹಾಗೇ ಹುಳಿ ಬಂದರೆ ಬೀಜಕ್ಕಂಟಿದ ಲೋಳೆ ಬಿಡುತ್ತದೆ.

ಅಳಿಯನಿಗೆ ಅತ್ತೆ ಅಂದರೆ ಗೌರವ, ಅದಕ್ಕಿಂತ ಹೆಚ್ಚು ಸಂಕೋಚ. “ಊಟ ಆಯ್ತಾ?”, “ಆಯ್ತು” ಇಷ್ಟರಲ್ಲೇ ಇಬ್ಬರ ಮಾತು ಮುಗಿಯುತ್ತಿತ್ತು. ಅವತ್ತು ಕೆಲಸ ಬೇಗ ಮುಗಿಸಿ ಬಂದವನಿಗೆ ಅಡುಗೆಮನೆಯಲ್ಲಿ ಗಬ್ಬು ವಾಸನೆ ಹೊಡೆಯಿತು. ಊರಿನ ಚರಂಡಿಗಳನ್ನೆಲ್ಲ ಕಂಡ ಮೂಗೇ ಸೋಲಬೇಕು, ಹಾಗಿತ್ತು. ಬಟ್ಟೆ ಎತ್ತಿದರೆ ಲೋಟದಲ್ಲಿ ಬಿಳಿ ಬೂಷ್ಟು. ಯಾರೋ ಮರೆತಿದ್ದಾರೆ ಅಂದುಕೊಂಡು ಸಿಂಕಿಗೆ ಸುರಿದು, ಲೋಟ ಫಳಫಳ ತೊಳೆದು ಬೋರಲು ಹಾಕಿದ. ಮನೆಕೆಲಸ ಮಾಡಿದೆ ಅನ್ನೋ ಹೆಮ್ಮೆ ಬೇರೆ.

ಅತ್ತೆ ಬಂದು ಕಿಟಕಿ ನೋಡಿದರು, ಲೋಟ ನೋಡಿದರು.

“ಇದರಲ್ಲಿದ್ದದ್ದು?”

“ಕೊಳೆತು ಹೋಗಿತ್ತು ಅತ್ತೆ. ಚೆಲ್ಲಿಬಿಟ್ಟೆ.”

“ಹೋಗ್ಲಿ ಬಿಡಿ, ನಿಮಗೇನು ಗೊತ್ತು,” ಅಂದು ಅತ್ತೆ ರೂಮಿಗೆ ಹೋದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಹೆಂಡತಿ ಬಿಡಲಿಲ್ಲ. “ಏನ್ರೀ ನೀವು! ಅದು ನಮ್ಮಜ್ಜಿ ಬೀಜ ಕಣ್ರೀ. ಇನ್ನೆಲ್ಲಿಂದ ತರೋದು?”

ಅವನು ತಲೆ ಕೆರೆದುಕೊಂಡ. ಅತ್ತೆಯ ಬಾಗಿಲ ಹತ್ತಿರ ಹೋಗಿ ಕೇಳಿದ, “ಅತ್ತೆ, ಆ ಬೀಜ ತೇಲುತ್ತಾ, ಮುಳುಗುತ್ತಾ?”

“ಜೊಳ್ಳು ತೇಲುತ್ತೆ. ಒಳ್ಳೇದು ಮುಳುಗುತ್ತೆ. ಯಾಕೆ?”

ಅಷ್ಟರಲ್ಲಿ ಹೆಂಡತಿ ಪಾತ್ರೆ ತೊಳೆಯಲು ನಿಂತಿದ್ದಳು. “ನಲ್ಲಿ ಮುಟ್ಬೇಡ!” ಅವನ ಕೂಗಿಗೆ ಅವಳ ಕೈಯಿಂದ ಸೌಟು ಜಾರಿತು.

ಸಿಂಕಿನ ಕೆಳಗೆ ಪೈಪು ಬಾಗುವ ಕಡೆ ಯಾವಾಗಲೂ ಒಂದಿಷ್ಟು ನೀರು ನಿಂತಿರುತ್ತದೆ. ಭಾರದ್ದೇನು ಬಿದ್ದರೂ ಅಲ್ಲೇ ಕೂರುತ್ತದೆ. ಜನರ ಓಲೆ, ಉಂಗುರಗಳನ್ನು ಅಲ್ಲಿಂದ ಎಷ್ಟೋ ಸಲ ತೆಗೆದುಕೊಟ್ಟಿದ್ದ. ಬಕೆಟ್ ಇಟ್ಟು, ಅಂಗಾತ ಮಲಗಿ, ಆ ಬಾಗು ಬಿಚ್ಚಿದ. ಕಪ್ಪು ಕೆಸರು ದಬಕ್ಕನೆ ಬಿತ್ತು.

“ಜಾಲರಿ ಕೊಡು.”

“ಅದ್ರಲ್ಲಿ ಟೀ ಸೋಸ್ತೀವಿ ಕಣ್ರೀ!”

“ಹೊಸದು ತರೋಣ, ಕೊಡೇ.”

ಅತ್ತೆ ಕನ್ನಡಕ ಹಾಕಿಕೊಂಡು ಪಕ್ಕದಲ್ಲೇ ನೆಲಕ್ಕೆ ಕೂತರು. ತೊಳೆದೂ ತೊಳೆದೂ ಕೊನೆಗೆ ಜಿಡ್ಡಿನ ನಡುವೆ ಚಿಟಿಕೆಯಷ್ಟು ಬೀಜ ಕಂಡಿತು. ಅತ್ತೆಯ ಮುಖ ಅರಳಿ, ಮತ್ತೆ ಸಪ್ಪಗಾಯಿತು. “ಅಂಗಡಿ ಟೊಮೆಟೊ ಬೀಜಾನೂ ಇಲ್ಲಿಗೇ ಬಿದ್ದಿರುತ್ತಲ್ಲ. ಯಾವುದು ಯಾವುದೋ.”

“ಎಲ್ಲಾ ಹಾಕೋಣ ಅತ್ತೆ. ಬೆಳೆದ ಮೇಲೆ ಗೊತ್ತಾಗಲ್ವಾ?”

“ಗೊತ್ತಾಗುತ್ತೆ. ದಪ್ಪಕ್ಕನ ಎಲೆ ಅಂಚಲ್ಲಿ ಹಲ್ಲಿರಲ್ಲ. ಆಲೂಗಡ್ಡೆ ಎಲೆ ಥರ.”

ಖಾಲಿ ಪೇಂಟ್ ಡಬ್ಬಿಗಳ ತಳಕ್ಕೆ ತೂತು ಕೊರೆದು, ಹೊಸ ಮಣ್ಣು ತುಂಬಿ ಇಬ್ಬರೂ ಬಿತ್ತಿದರು. ಬೆಳಗಾದರೆ ಅಳಿಯ ಹಲ್ಲುಜ್ಜುತ್ತಲೇ ಟೆರೇಸಿಗೆ ಓಡುತ್ತಿದ್ದ. ಸಸಿಗಳೇನೋ ದಂಡಿಯಾಗಿ ಎದ್ದವು. ಎಲೆ ಬಿಟ್ಟಂತೆಲ್ಲ ಎಲ್ಲದರ ಅಂಚೂ ಗರಗಸ. ಅತ್ತೆ ಆಸೆ ಬಿಟ್ಟರು. ತಡವಾಗಿ ಎದ್ದ ಒಂದೆರಡು ಸಸಿ ಇನ್ನೂ ಸರಿಯಾಗಿ ಎಲೆ ಬಿಟ್ಟಿಲ್ಲ ಅಂತ ಅವನು ಮಾತ್ರ ನೋಡುತ್ತಲೇ ಇದ್ದ. ಒಂದು ಬೆಳಗ್ಗೆ ಮೇಲಿಂದಲೇ ಕೂಗಿದ, “ಅತ್ತೇ, ಬೇಗ ಬನ್ನಿ, ಇವಕ್ಕೆ ಹಲ್ಲಿಲ್ಲ!”

ಮೂಲೆಯ ಡಬ್ಬಿಯಲ್ಲಿ ಎರಡು ಸಸಿ, ನುಣುಪು ಅಂಚಿನ ಅಗಲ ಎಲೆ. ಅತ್ತೆ ಮಂಡಿನೋವು ಮರೆತು ಮೆಟ್ಟಿಲು ಹತ್ತಿ ಬಂದು, ಎಲೆ ಸವರಿ, ಬೆರಳು ಮೂಸಿದರು. “ಇವಳೇ,” ಅಂದು ಕಣ್ಣೊರೆಸಿಕೊಂಡರು.

ಹಣ್ಣು ಬಂದಾಗ ಬೀಜ ತೆಗೆದು ತಟ್ಟೆಯಲ್ಲಿ ಒಣಗಿಸುತ್ತಾ ಅತ್ತೆ ಹೇಳಿದರು, “ಒಂದೇ ಮನೇಲಿಟ್ಟರೆ ಹೀಗೇ ಆಗೋದು. ನಾಲ್ಕು ಮನೆಗೆ ಕೊಡೋಣ.” ಅಳಿಯ ಪೊಟ್ಟಣ ಕಟ್ಟಿ ಸಾಮಾನಿನ ಚೀಲದಲ್ಲಿಟ್ಟುಕೊಂಡ. ಹೋದ ಮನೆಗಳಲ್ಲೆಲ್ಲ ಹಂಚಿದ.

ಈಗ ಅವನು ನಲ್ಲಿ ಸರಿಮಾಡಲು ಹೋದರೆ ಜನ ಮೊದಲು ಗಿಡ ತೋರಿಸುತ್ತಾರೆ. “ಎಲೆ ಮುದುಡಿದೆ ನೋಡಿ, ಏನ್ ಮಾಡ್ಲಿ?”

“ತಡೀರಿ, ಅತ್ತೆಗೆ ಫೋನ್ ಹಚ್ಚಿಕೊಡ್ತೀನಿ,” ಅನ್ನುತ್ತಾನೆ. ಅತ್ತೆ ಫೋನ್ ಹಿಡಿದರೆ ಸುಲಭಕ್ಕೆ ಬಿಡುವವರಲ್ಲ. ಅವನು ಸ್ಪ್ಯಾನರ್ ಹಿಡಿದು ಪಕ್ಕದಲ್ಲಿ ಕಾಯುತ್ತಾನೆ.