ಹಡಗು ಹತ್ತದ ಚೊಂಬು

ನಾನು ಒಂದು ಹಿತ್ತಾಳೆ ಚೊಂಬು. ಹುಟ್ಟಿದ್ದು ನಾಗಮಂಗಲದ ಕಂಚುಗಾರನೊಬ್ಬನ ಕುಲುಮೆಯಲ್ಲಿ. ಬಡಿದು ಬಡಿದು ನನ್ನ ಹೊಟ್ಟೆಯನ್ನು ದುಂಡಗೆ ಮಾಡಿದವನು ಉಜ್ಜಿ ಹೊಳಪು ತಂದಾಗ, ನನ್ನ ಮೈಯಲ್ಲಿ ಮೊದಲು ಮೂಡಿದ್ದು ಅವನದೇ ಅಗಲವಾದ ಮೂಗು.

ಬೆಂಗಳೂರಿನ ಹಲಸೂರಿನ ಅಂಗಡಿಯಲ್ಲಿ ನನ್ನನ್ನು ಕೊಂಡವಳು ಮುನಿತಾಯಮ್ಮ. ಅವಳ ಗಂಡ ಪ್ಲೇಗಿನಲ್ಲಿ ಹೋಗಿದ್ದ. ಬಿಳಿಯರಿದ್ದ ದಂಡು ಪ್ರದೇಶದಲ್ಲಿ ಹ್ಯಾಲೆಟ್ ಎಂಬ ದೊರೆಯ ಬಂಗಲೆಯಲ್ಲಿ ಆಯಾ ಆಗಿ, ಅವರ ಮಕ್ಕಳನ್ನು ನೋಡಿಕೊಳ್ಳುತ್ತಿದ್ದಳು. ಸಂಜೆ ಮನೆಗೆ ಬಂದವಳೇ ನನ್ನಲ್ಲಿ ನೀರು ತುಂಬಿಕೊಂಡು ಮಗಳು ಪಿಳ್ಳಮ್ಮನ ಮುಖ ತೊಳೆಯುತ್ತಿದ್ದಳು. ದೊರೆಯ ಮಕ್ಕಳ ಸೋಪಿನ ವಾಸನೆ ಅವಳ ಕೈಯಲ್ಲಿ ಇನ್ನೂ ಇರುತ್ತಿತ್ತು.

ಪಿಳ್ಳಮ್ಮನಿಗೆ ಐದು ವರ್ಷವಿದ್ದಾಗ ದೊರೆಯ ಕುಟುಂಬ ಇಂಗ್ಲೆಂಡಿಗೆ ಹೊರಟಿತು. ಹಡಗಿನಲ್ಲಿ ಮಕ್ಕಳಿಗೆ ಆಯಾ ಬೇಕಿತ್ತು. ಹೋಗದಿದ್ದರೆ ಕೆಲಸವಿಲ್ಲ. ಮುನಿತಾಯಮ್ಮ ಮಗಳನ್ನು ತನ್ನ ಅಕ್ಕನ ಕೈಗೆ ಒಪ್ಪಿಸಿ, ಕಟ್ಟಿದ ಗಂಟಿನಿಂದ ನನ್ನನ್ನು ಹೊರಗೆ ತೆಗೆದಿಟ್ಟಳು.

“ಚೊಂಬು ತಗೊಂಡೋಗೆ, ದಾರೀಲಿ ಬೇಕಾಗ್ತದೆ,” ಎಂದಳು ಅಕ್ಕ.

“ಮಗೀಗೆ ಇದ್ರಲ್ಲೇ ನೀರು ಕುಡಿದು ರೂಢಿ. ಇಲ್ಲೇ ಇರ್ಲಿ ಬಿಡಕ್ಕ. ಬರೋ ಯುಗಾದಿಗೆ ಬಂದ್ಬಿಡ್ತೀನಿ.”

ಯುಗಾದಿ ಬಂತು, ಅವಳು ಬರಲಿಲ್ಲ. ಹ್ಯಾಲೆಟ್ ದೊರೆಯೂ ಮರಳಲಿಲ್ಲ. ಬಂಗಲೆಗೆ ಬೇರೆಯವರು ಬಂದರು. ಬಿಳಿಯರ ಮಕ್ಕಳನ್ನು ಎತ್ತಾಡಿಸುತ್ತ ಹೆತ್ತ ಮಗುವನ್ನೇ ಮರೆತಳು ಎಂದು ಕೇರಿಯವರು ಆಡಿಕೊಂಡರು. ಕೇಳುತ್ತ ಕೇಳುತ್ತ ಪಿಳ್ಳಮ್ಮನೂ ಅದನ್ನೇ ನಂಬಿದಳು.

ಮದುವೆಯಾದಾಗ ಅವಳ ಜೊತೆ ನಾನೂ ಗಂಡನ ಮನೆಗೆ ಹೋದೆ. ಅವಳ ಮಕ್ಕಳಿಗೆ ನೀರೆರೆದೆ, ನೆಲಕ್ಕೆ ಬಿದ್ದು ನೆಗ್ಗಿದೆ. ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆ ಇಡುವಾಗ ನನ್ನನ್ನೇ ಕಲಶವಾಗಿ ಕೂರಿಸುತ್ತಿದ್ದಳು. ಅಪ್ಪನಿಗೆ, ಅತ್ತೆಮಾವನಿಗೆ ಎಲೆ ಹಾಕುವಳು. ತಾಯಿಗೆ ಮಾತ್ರ ಇಲ್ಲ.

ಒಮ್ಮೆ ಮಗಳು ರುಕ್ಮಿಣಿ ಯಾಕೆಂದು ಕೇಳಿದಳು.

“ಬದುಕಿದ್ದೋರಿಗೆ ಎಡೆ ಇಕ್ಕಬಾರ್ದು ಕಣೆ,” ಎಂದಳು ಪಿಳ್ಳಮ್ಮ. ಆಗ ಅವಳ ತಲೆಯೇ ಪೂರ್ತಿ ಬೆಳ್ಳಗಾಗಿತ್ತು.

ಪಿಳ್ಳಮ್ಮ ತೀರಿಕೊಂಡ ಮೇಲೆ ನಾನು ರುಕ್ಮಿಣಿಯಮ್ಮನ ಪಾಲಿಗೆ ಬಂದೆ. ಮನೆಗೆ ಸ್ಟೀಲು ಬಂತು, ಪ್ಲಾಸ್ಟಿಕ್ಕು ಬಂತು. ನಾನು ಅಟ್ಟ ಸೇರಿದೆ. ಅವಳ ಮಗಳು ಶೈಲಜಾ ನನ್ನನ್ನು ಇಳಿಸಿ, ಮನಿ ಪ್ಲಾಂಟ್ ನೆಟ್ಟು, ಕಿಟಕಿಯ ಬಳಿ ಕಂಪ್ಯೂಟರಿನ ಪಕ್ಕದಲ್ಲಿಟ್ಟಳು. ಶೈಲಜಾಗೆ ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸ.

“ಇಂಗ್ಲೆಂಡಿನ ಹಳೇ ಜನಗಣತಿ, ಹಡಗಿನ ಪಟ್ಟಿ ಎಲ್ಲಾ ಈಗ ಇದ್ರಲ್ಲೇ ನೋಡಬೋದಮ್ಮ. ಮುತ್ತಜ್ಜೀನ ಹುಡುಕ್ಲಾ?” ಎಂದಳು ಒಂದು ದಿನ.

ರುಕ್ಮಿಣಿಯಮ್ಮ ಸೊಪ್ಪು ಸೋಸುತ್ತಿದ್ದಳು. “ಬೇಡ. ಅಲ್ಲೇ ಇನ್ನೊಂದು ಮದ್ವೆ ಆಗಿ ಸುಖವಾಗಿದ್ಲು ಅಂತ ಬಂದ್ರೆ? ನಮ್ಮಮ್ಮನ ಕಣ್ಣೀರು ನೋಡಿದೋಳು ನಾನು.”

ಆದರೂ ಶೈಲಜಾ ಹುಡುಕಿದಳು. ಮುನಿತಾಯಮ್ಮ ಎಂಬ ಹೆಸರನ್ನು ಎಷ್ಟು ಬಗೆಯಾಗಿ ಬರೆದರೂ ಸಿಗಲಿಲ್ಲ. ಕೊನೆಗೆ ಹ್ಯಾಲೆಟ್ ಎಂಬ ಹೆಸರು ಹಿಡಿದು ಹೋದಾಗ, ಜನಗಣತಿಯಲ್ಲಿ ಇಂಗ್ಲೆಂಡಿನ ಕಡಲ ದಂಡೆಯ ಒಂದು ಊರಿನ ಒಂದು ಮನೆ ಸಿಕ್ಕಿತು. ಗಂಡ, ಹೆಂಡತಿ, ಮಕ್ಕಳು, ಅಡುಗೆಯವಳು. ಎಲ್ಲರ ಕೆಳಗೆ, ಹೆಸರಿಲ್ಲದೆ: ಆಯಾ, ವಿಧವೆ, ಹುಟ್ಟಿದ್ದು ಬೆಂಗಳೂರು.

“ಅಮ್ಮಾ, ಬಾ ಇಲ್ಲಿ. ಹೆತ್ತ ಮಕ್ಕಳೆಷ್ಟು, ಬದುಕಿರೋರೆಷ್ಟು ಅಂತ ಗಂಡ ಇರೋ ಹೆಂಗಸ್ರನ್ನ ಮಾತ್ರ ಕೇಳಿದಾರೆ. ವಿಧವೆಯರನ್ನ ಕೇಳಿಲ್ಲ. ಆದ್ರೂ ಇವಳು ಬರೆಸಿದಾಳೆ. ಹೆತ್ತಿದ್ದು ಒಂದು, ಬದುಕಿರೋದು ಒಂದು. ಬೇಡದ ಲೆಕ್ಕ ಅಂತ ಆಮೇಲೆ ಯಾರೋ ಗೀಟು ಹೊಡೆದಿದಾರೆ.”

ರುಕ್ಮಿಣಿಯಮ್ಮ ಕನ್ನಡಕ ಸರಿಮಾಡಿಕೊಂಡು, ಪರದೆಯಲ್ಲಿದ್ದ ಆ ಕೆಂಪು ಗೀಟಿನ ಮೇಲೆ ಬೆರಳಿಟ್ಟಳು.

“ಆ ಒಂದು, ನಮ್ಮಮ್ಮ,” ಎಂದಳು. ಬೇಡವೆಂದಿದ್ದವಳು ಈಗ ತಾನೇ ಕೇಳಿದಳು, “ಆಮೇಲೇನಾಯ್ತು, ನೋಡು.”

ಆ ಜನಗಣತಿಯಾದ ವರ್ಷವೇ ಮದರಾಸಿಗೆ ಹೊರಟ ಹಡಗೊಂದರಲ್ಲಿ, ಬೇರೆ ಕುಟುಂಬದ ಕೂಸನ್ನು ನೋಡಿಕೊಳ್ಳುತ್ತ ಒಬ್ಬ ಆಯಾ ಇದ್ದಳು: ‘ಮುನಿ ತಾಯ್, ಬೆಂಗಳೂರು’. ಆ ಹಡಗಿನ ಸಾವಿನ ದಾಖಲೆಯಲ್ಲೂ ಅದೇ ಹೆಸರು. ಏಡನ್ ಬಂದರು ದಾಟಿದ ಮೇಲೆ ಜ್ವರ. ದೇಹವನ್ನು ಕಡಲಿಗೆ ಒಪ್ಪಿಸಿದ್ದರು.

ಅಡುಗೆಮನೆಯಲ್ಲಿ ಹಾಲು ಉಕ್ಕಿ ಹರಿಯಿತು; ಯಾರೂ ಏಳಲಿಲ್ಲ.

ಆ ವರ್ಷದ ಪಿತೃಪಕ್ಷಕ್ಕೆ ನನ್ನೊಳಗಿನ ಬಳ್ಳಿಯನ್ನು ಕುಂಡಕ್ಕೆ ಬದಲಾಯಿಸಿದರು. ರುಕ್ಮಿಣಿಯಮ್ಮ ತನ್ನ ಅಮ್ಮನ ಎಲೆಗೆ ಒತ್ತಿಕೊಂಡಂತೆ ಇನ್ನೊಂದು ಎಲೆ ಹಾಸಿ, ಬಿಸಿ ಅನ್ನ ಬಡಿಸಿದಳು. “ಇಬ್ರೂ ಜೊತೇಲಿ ಉಣ್ಲಿ,” ಎಂದಳು.

ಈಗ ನನ್ನ ತಳ ಸವೆದಿದೆ, ನೀರು ನಿಲ್ಲುವುದಿಲ್ಲ. ದೇವರ ಮೂಲೆಯಲ್ಲಿ ಬೋರಲು ಕೂತಿದ್ದೇನೆ. ನಾನೂ ಜೊತೆಗೆ ಹೋಗಿದ್ದರೆ, ಜ್ವರದ ಬಾಯಿಗೆ ಒಂದು ಗುಟುಕು ನೀರಾದರೂ ಕೊಡಬಹುದಿತ್ತೇನೋ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ. ಆದರೆ ಮನೆಗೆ ಬಂದವರು ನನ್ನ ಒಡತಿ ಯಾರೆಂದು ಕೇಳಿದಾಗ ರುಕ್ಮಿಣಿಯಮ್ಮ ಹೇಳುವ ಮಾತು ಕಿವಿಗೆ ಬಿದ್ದರೆ ಮನಸ್ಸು ತಣ್ಣಗಾಗುತ್ತದೆ.

“ನಮ್ಮಜ್ಜಿ ಮುನಿತಾಯಮ್ಮ. ಮಗಳನ್ನ ನೋಡಕ್ಕೆ ಬರ್ತಾ ಇದ್ಲು, ದಾರೀಲಿ ತೀರ್ಕೊಂಡ್ಲು.”